ಕಾಪುವಿನ ಹಾಡುಗಾರ್ತಿಯೂ ನಾನು ಓದಿದ ಹಾವಿನ ಪತ್ರವೂ

"ಇವನಿಂದ ಆಗುವುದಿಲ್ಲ" ಎಂದು ಮೊದಲು ಹೇಳಿದವರು ನನ್ನ ಸೋದರಮಾವ ದೂಮಣ್ಣ. ನಾನು ಕಾರ್ಕಳದ ಕಾಲೇಜಿಗೆ ಸೇರಿದ ದಿನವೇ ಹೇಳಿದ್ದರು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು, ನಾನು ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು, ಮೂರನೆಯ ಸಲ ಪಾಸಾದದ್ದು ಎಲ್ಲ ಈಗ ಇತಿಹಾಸ. ನಮ್ಮ ಕುಟುಂಬದ ಮೊದಲ ಬಿ.ಎ. ನಾನು! ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಮಾವ ಬಂದರೆ ಕೂರುವ ಕುರ್ಚಿಯ ಎದುರು ಗೋಡೆಗೇ ತೂಗುಹಾಕಿದ್ದೇನೆ. ಮಾವ ಬಂದಾಗಲೆಲ್ಲ ಕುರ್ಚಿ ತಿರುಗಿಸಿ ಕೂರುತ್ತಾರೆ.

ಬಿ.ಎ. ಮಾಡಿದ ಒಂದೇ ತಪ್ಪಿಗೆ ಹಿರಿಯಡ್ಕದ ನಮ್ಮ ಯುವಕ ಮಂಡಲದವರು ನನ್ನನ್ನು ಕಾರ್ಯದರ್ಶಿ ಮಾಡಿದರು. ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಯಕ್ಷಗಾನಕ್ಕೆ ಮುಂಚೆ ಒಬ್ಬ 'ಉದಯೋನ್ಮುಖ ಪ್ರತಿಭೆ'ಗೆ ಸನ್ಮಾನ ಉಂಟು. ಶಾಲು, ಹಣ್ಣಿನ ಬುಟ್ಟಿ, ಫ್ರೇಮ್ ಹಾಕಿದ ಸನ್ಮಾನ ಪತ್ರ. ಆ ಪತ್ರವನ್ನು ಮೈಕಿನಲ್ಲಿ ಗಟ್ಟಿಯಾಗಿ ಓದದಿದ್ದರೆ ನಮ್ಮ ಕಡೆ ಸನ್ಮಾನ ಆದ ಲೆಕ್ಕವೇ ಅಲ್ಲ. ಕಳೆದ ವರ್ಷ ಅದು ಪೆರ್ಡೂರಿನ ಹಾವು ಹಿಡಿಯುವ ಬಾಬಣ್ಣನಿಗೆ ಸಿಕ್ಕಿತು. ಉದಯೋನ್ಮುಖ ಬಾಬಣ್ಣನಿಗೆ ಆಗ ಅರವತ್ತೆರಡು ವಯಸ್ಸು!

"ಈ ಸಲ ನಿಜವಾಗಿ ಉದಯಿಸುತ್ತಿರುವವರನ್ನೇ ಹುಡುಕಿ ತರುತ್ತೇನೆ" ಎಂದು ಮೀಟಿಂಗಿನಲ್ಲಿ ಘೋಷಿಸಿದೆ. ಮಂಡಲದ ಗೌರವಾಧ್ಯಕ್ಷರು ಬೇರೆ ಯಾರು? ದೂಮಣ್ಣ ಮಾವನೇ.

"ಇವನಿಂದ ಆಗುವುದಿಲ್ಲ" ಎಂದರು.

ಮರುವಾರ ಹೆಂಡತಿ ಸುಜಾತಳ ಕನ್ನಡಕ ತರಲು ಮಣಿಪಾಲಕ್ಕೆ ಹೋಗಿದ್ದೆ. ಕನ್ನಡಕ ರೆಡಿ ಇರಲಿಲ್ಲ. ಪಕ್ಕದ ಕೆಫೆಯಲ್ಲಿ ಕಾಫಿ ಹೇಳಿ ಕೂತೆ. ಮೂಲೆಯಲ್ಲಿ ಒಬ್ಬಳು ಹುಡುಗಿ ಗಿಟಾರ್ ಹಿಡಿದು ಕನ್ನಡದಲ್ಲಿ ಹಾಡುತ್ತಿದ್ದಳು. ಸ್ವರ ಸ್ವಲ್ಪ ಒರಟು, ಆದರೆ ಎದೆಗೆ ನೇರ ಬಂದು ಕೂರುವಂಥದ್ದು.

"ಎಕ್ಸ್‌ಪ್ರೆಸ್ ಬಸ್ಸು ಕಾಪುವಿನಲ್ಲಿ ನಿಲ್ಲಲೇ ಇಲ್ಲ..." ಎಂದಳು. ಚೆಂದ ಉಂಟು ಅಂದುಕೊಂಡೆ. ಮತ್ತೆ ಅದನ್ನೇ ಹಾಡಿದಳು: "ಎಕ್ಸ್‌ಪ್ರೆಸ್ ಬಸ್ಸು ಕಾಪುವಿನಲ್ಲಿ ನಿಲ್ಲಲೇ ಇಲ್ಲ..." ಆಮೇಲೆ ಬರೀ ಗಿಟಾರ್.

ಪಾಪ, ಮುಂದಿನ ಸಾಲು ಮರೆತುಹೋಗಿದೆ! ಪರೀಕ್ಷೆಯಲ್ಲಿ ಮರೆತವನ ಸಂಕಟ ನನಗಲ್ಲದೆ ಯಾರಿಗೆ ಗೊತ್ತು? ಎದ್ದು ನಿಂತು ಕೈ ಎತ್ತಿದೆ. "ಹೆದರಬೇಡಿ! ನಿಧಾನ ನೆನಪು ಮಾಡಿಕೊಳ್ಳಿ! ನಾವೆಲ್ಲ ಇದ್ದೇವೆ!"

ಇಡೀ ಕೆಫೆ ನನ್ನ ಕಡೆ ತಿರುಗಿತು. ಹುಡುಗಿ ಒಂದು ಕ್ಷಣ ನೋಡಿ, ನಕ್ಕು, ನನ್ನನ್ನೇ ನೋಡುತ್ತಾ ಮುಗಿಸಿದಳು: "ನಿಂತಿದ್ದರೂ ನಾನು ಹತ್ತುತ್ತಿರಲಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ನಾನು ಕಾಫಿ ಕಪ್ಪಿನೊಳಗೆ ಮುಖ ಹಾಕಿ ಕೂತೆ.

ಹಾಡು ಮುಗಿದ ಮೇಲೆ ಅವಳೇ ಬಂದಳು. ಹೆಸರು ಅಕ್ಷತಾ, ಊರು ಕಾಪು. ಹಾಡು ಬರೆಯುವುದೂ ಅವಳೇ, ರಾಗ ಹಾಕುವುದೂ ಅವಳೇ. "ಇದು ಬ್ಲೂಸ್ ಅಣ್ಣಾ. ಸಂಕಟವನ್ನು ಎರಡು ಸಲ ಹೇಳಬೇಕು, ಮೂರನೆಯ ಸಾಲಿನಲ್ಲಿ ತಿರುಗಿಸಿ ಹೊಡೆಯಬೇಕು" ಎಂದಳು.

ನನ್ನ ಇಂಗ್ಲಿಷ್ ಪರೀಕ್ಷೆಯೂ ಹಾಗೆಯೇ ಅಲ್ವಾ! ಅಲ್ಲೇ ಸನ್ಮಾನ ಘೋಷಿಸಿದೆ. ಅವಳ ಮುಖ ಅರಳಿತು. "ನಮ್ಮ ಊರ ಕಡೆಯವರು ಯಾರೂ ಇಷ್ಟರವರೆಗೆ ಸ್ಟೇಜಿಗೆ ಕರೆಯಲಿಲ್ಲ ಅಣ್ಣಾ. ಖಂಡಿತ ಬರುತ್ತೇನೆ."

ಮನೆಗೆ ಹಾರಿಕೊಂಡು ಬಂದೆ. "ಸುಜಾತಾ, ಇವತ್ತು ನಾನೊಂದು ಮಹಾನ್ ಪ್ರತಿಭೆಯನ್ನು ಶೋಧಿಸಿದೆ!"

"ಕನ್ನಡಕ ಎಲ್ಲಿ?" ಎಂದಳು. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. "ಎಕ್ಸ್‌ಪ್ರೆಸ್ ಬಸ್ಸು ಕಾಪುವಿನಲ್ಲಿ ನಿಲ್ಲಲೇ ಇಲ್ಲ..."

ನಾನು ಗೋಡೆ ಹಿಡಿದುಕೊಂಡೆ.

"ಇದು ಒಂದು ವರ್ಷದಿಂದ ನನ್ನ ರಿಂಗ್‌ಟೋನ್ ಮಾರಾಯ್ರೇ. ನಿಮಗೆ ಇವತ್ತು ಕೇಳಿತಾ?" ಎಂದಳು. ಹಿತ್ತಲಿನ ಬಾವಿಯನ್ನೇ ಶೋಧಿಸಿ ಬಂದ ಹಾಗಾಯಿತು.

ಮಾವನಿಗೆ ವಿಷಯ ಹೋಯಿತು. "ಯಕ್ಷಗಾನ ನೋಡಲಿಕ್ಕೆ ಬಂದ ಜನ ಗಿಟಾರಿಗೆ ಕೂರುತ್ತಾರಾ? ಒಂದು ಹಾಡು ಮುಗಿಯುವುದರೊಳಗೆ ಎದ್ದು ಚಾ ಕುಡಿಯಲಿಕ್ಕೆ ಹೋಗುತ್ತಾರೆ."

"ಹೋದರೆ ನನ್ನ ಕಾರ್ಯದರ್ಶಿ ಪಟ್ಟ ನಿಮ್ಮ ಪಾದಕ್ಕೆ!" ಎಂದುಬಿಟ್ಟೆ. ಮಾವ ತಕ್ಷಣ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಬರೆದವನು ನಾನೇ, ಕಾರ್ಯದರ್ಶಿ ಅಲ್ವಾ!

ಸನ್ಮಾನ ಪತ್ರದ ಒಕ್ಕಣೆಯನ್ನು ಮೂರು ದಿನ ಕೂತು ಬರೆದೆ. 'ಕಡಲತಡಿಯ ಕೋಗಿಲೆಯೇ, ನಿಮ್ಮ ಕಂಠದಲ್ಲಿ ಅಲೆಗಳು ಅಳುತ್ತವೆ, ಬಂಡೆಗಳು ಕರಗುತ್ತವೆ' ಎಂದೆಲ್ಲ. ಪ್ರಿಂಟಿಂಗ್ ಅಂಗಡಿಯವನಿಗೆ ಫೋನ್ ಮಾಡಿ, "ಕಳೆದ ವರ್ಷದ್ದೇ ಡಿಸೈನ್ ಇರಲಿ. ಹೆಸರು, ಫೋಟೋ ಬದಲಾಯಿಸು. ಮ್ಯಾಟರ್ ವಾಟ್ಸಾಪ್ ಮಾಡುತ್ತೇನೆ" ಎಂದೆ. ಮಾಡಿದೆ ಕೂಡ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸುಜಾತಾ, "ಫ್ಯಾಮಿಲಿ ಗ್ರೂಪಿನಲ್ಲಿ ಎಂತ ಹಾಕಿದ್ದೀರಿ? ಕೋಗಿಲೆ ಯಾರು ಅಂತ ಅತ್ತೆಯಂದಿರೆಲ್ಲ ನನ್ನನ್ನು ಕೇಳುತ್ತಾರೆ" ಎಂದಳು.

"ಪುರುಸೊತ್ತಿಲ್ಲ, ಆಮೇಲೆ ಹೇಳು" ಎಂದು ಓಡಿದೆ. ಆಗಲೇ ಹೇಳಿಸಿಕೊಳ್ಳಬೇಕಿತ್ತು!

ಸಂಜೆ ಶಾಲೆಯ ಮೈದಾನ ತುಂಬಿತ್ತು. ಅಕ್ಷತಾ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ನಾನು ಮೈಕ್ ಹಿಡಿದು ಮೊದಲೇ ಎಚ್ಚರಿಸಿದೆ: "ಮಹನೀಯರೇ, ಇವರು ಒಂದು ಸಾಲನ್ನು ಎರಡು ಸಲ ಹಾಡುತ್ತಾರೆ. ಅದು ಮರೆವು ಅಲ್ಲ, ಪದ್ಧತಿ. ಯಾರೂ ಗಾಬರಿಯಾಗಬಾರದು!" ಆಮೇಲೆ ಫ್ರೇಮನ್ನು ಎತ್ತಿ, ಪದವೀಧರನಿಗೆ ತಕ್ಕ ಗಾಂಭೀರ್ಯದಲ್ಲಿ ಓದಲಾರಂಭಿಸಿದೆ. ನಾನು ಓದುವಾಗ ನನ್ನ ಸ್ವರವನ್ನು ಮಾತ್ರ ಕೇಳುತ್ತೇನೆ, ಅರ್ಥವನ್ನಲ್ಲ. ಅದು ಕಾಲೇಜಿನಿಂದ ಬಂದ ಅಭ್ಯಾಸ.

"ಕುಮಾರಿ ಅಕ್ಷತಾ ಅವರೇ! ಎಷ್ಟೋ ಮನೆಗಳ ಬಚ್ಚಲಿನಲ್ಲಿ ಅಡಗಿದ್ದ ನಾಗರಹಾವುಗಳನ್ನು ಬರಿಗೈಯಲ್ಲಿ ಹಿಡಿದು, ಗೋಣಿಚೀಲದಲ್ಲಿ ತುಂಬಿಸಿ, ಕಾಡಿಗೆ ಬಿಟ್ಟ ಧೀರರೇ! ನಡುರಾತ್ರಿ ಕರೆದರೂ ಲುಂಗಿ ಎತ್ತಿಕಟ್ಟಿ ಓಡಿಬರುವ ತಮ್ಮ..."

ಸಭೆಯ ನಡುವಿನಿಂದ ಬಾಬಣ್ಣ ಎದ್ದು ಕೂಗಿದ: "ಓಯ್! ಅದು ನನ್ನದು ಮಾರಾಯಾ!"

ಆಗ ಅರ್ಥವಾಯಿತು. ನನ್ನ ಕೋಗಿಲೆ ಫ್ಯಾಮಿಲಿ ಗ್ರೂಪಿಗೆ ಹಾರಿತ್ತು. ಮ್ಯಾಟರ್ ಸಿಗದ ಪ್ರಿಂಟಿಂಗ್ ಅಂಗಡಿಯವನು ಹಳೆಯ ಪತ್ರದಲ್ಲೇ ಹೆಸರು ಮತ್ತು ಫೋಟೋ ಮಾತ್ರ ಬದಲಾಯಿಸಿದ್ದ!

ಮೈದಾನವೆಲ್ಲ ನಗು. ನಕ್ಕು ನಕ್ಕು ಬಾಯಾರಿದವರು ಚಾ ಅಂಗಡಿಯ ಕಡೆ ಏಳತೊಡಗಿದರು. ಮಾವ ನಡಾವಳಿ ಪುಸ್ತಕಕ್ಕಾಗಿ ನನ್ನ ಕಡೆ ಕೈ ಚಾಚಿದರು. ನಾನು ಶಾಲು ಹೊದೆಸಿ ಕೂರಿಸಿದ ಹುಡುಗಿಯ ಮುಖ ನೋಡಲು ಧೈರ್ಯ ಸಾಲದೆ ನನ್ನ ಚಪ್ಪಲಿ ನೋಡಿದೆ.

ಗಿಟಾರ್ ಸದ್ದಾಯಿತು. ಅಕ್ಷತಾ ಶಾಲು ತೆಗೆಯದೆಯೇ ಮೈಕಿನೆದುರು ನಿಂತಿದ್ದಳು.

"ಹಾವು ಹಿಡಿಯಲು ಬಂದವಳಲ್ಲ ನಾನು, ಗೋಣಿಚೀಲವೂ ಇಲ್ಲ..."

ಎದ್ದವರು ಅಲ್ಲೇ ನಿಂತರು.

"ಹಾವು ಹಿಡಿಯಲು ಬಂದವಳಲ್ಲ ನಾನು, ಗೋಣಿಚೀಲವೂ ಇಲ್ಲ... ಕಾರ್ಯದರ್ಶಿ ಅಣ್ಣ ಹಿಡಿದದ್ದು ನನ್ನನ್ನೇ, ಬಿಡುವ ಅಂದಾಜೇ ಇಲ್ಲ!"

ಸಭೆ ಹೋ ಎಂದಿತು. ನಿಂತವರು ಕೂತರು. ಮುಂದಿನ ಹಾಡು ಬಸ್ಸಿನದು. ಎರಡು ಸಲ ಬರುತ್ತದೆಂದು ನಾನೇ ಹೇಳಿಟ್ಟಿದ್ದೆನಲ್ಲ, ಎರಡನೆಯ ಸಲವನ್ನು ಜನರೇ ಹಾಡಿದರು! ಎಲ್ಲರಿಗಿಂತ ಜೋರು ಬಾಬಣ್ಣ. ಚಾ ಅಂಗಡಿಯವನೂ ಒಲೆ ಆರಿಸಿ ಬಂದು ಕೂತ. ಯಕ್ಷಗಾನದ ವೇಷಧಾರಿಗಳು ಅರ್ಧ ಬಣ್ಣದಲ್ಲೇ ಪರದೆ ಸರಿಸಿ ಇಣುಕಿದರು.

ಹಾಡು ಮುಗಿದ ಮೇಲೆ ನಾನು ಫ್ರೇಮನ್ನು ಬೆನ್ನ ಹಿಂದೆ ಅಡಗಿಸಿ, "ಕ್ಷಮಿಸಿ, ನಾಳೆಯೇ ಬೇರೆ ಮಾಡಿಸಿ ಕಾಪುವಿಗೆ ತಂದುಕೊಡುತ್ತೇನೆ" ಎಂದೆ.

"ಬೇಡ ಅಣ್ಣಾ, ಇದೇ ಕೊಡಿ" ಎಂದಳು. "ಇಂಥ ಪತ್ರ ಬೇರೆ ಯಾವ ಹಾಡುಗಾರ್ತಿಯ ಹತ್ತಿರವೂ ಇರಲಿಕ್ಕಿಲ್ಲ."

ಗೌರವಾಧ್ಯಕ್ಷರ ಕೈಯಿಂದಲೇ ಕೊಡಿಸಬೇಕಲ್ಲ. ದೂಮಣ್ಣ ಮಾವ ಫ್ರೇಮನ್ನು ಅವಳ ಕೈಗಿತ್ತರು. ನಡಾವಳಿ ಪುಸ್ತಕ ನನ್ನ ಕಂಕುಳಲ್ಲೇ ಉಳಿದಿತ್ತು. ಈಗ ಒಂದು ಮಾತು ಹೊಗಳುತ್ತಾರೆ ಎಂದು ಎದೆ ಉಬ್ಬಿಸಿ ನಿಂತೆ. ಮಾವ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇವನಿಂದ ಆಗುವುದಿಲ್ಲ ಎಂದಿದ್ದೆ..." ಎಂದರು.

"ಇವನಿಂದ ಆಗುವುದಿಲ್ಲ ಎಂದಿದ್ದೆ!" ಎಂದು ಇಡೀ ಮೈದಾನ ಹಾಡಿತು. ಎದುರಿನ ಕುರ್ಚಿಯಲ್ಲೇ ಕೂತಿದ್ದ ಸುಜಾತಳ ಸ್ವರ ನನಗೆ ಪ್ರತ್ಯೇಕವಾಗಿಯೇ ಕೇಳಿಸಿತು.

ಮಾವ ಎಲ್ಲ ನಿಶ್ಶಬ್ದವಾಗುವವರೆಗೆ ಕಾದು, ಮೂರನೆಯ ಸಾಲು ಹೇಳಿದರು:

"ಪುಣ್ಯಕ್ಕೆ, ಈ ಹುಡುಗಿಯಿಂದ ಆಯಿತು."