ಕರಿ ಮಿಕ್ಸರಿನ ಕ್ರಾಸ್‌ಫೇಡರ್ ಮಹಾಶಯರ ಸನ್ನಿಧಿಗೆ ಒಂದು ದೂರು

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳ ಸಮಸ್ತ ನಾಗರಿಕರಿಗೆ, ಮದುವೆ ಮನೆಯವರಿಗೆ, ಶಾಮಿಯಾನದವರಿಗೆ ಹಾಗೂ ಸ್ಪೀಕರ್ ಪೆಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿ ಕುಳಿತು ಆಮೇಲೆ ಕಿವಿ ಮುಚ್ಚಿಕೊಳ್ಳುವ ಹಿರಿಯರಿಗೆ ಈ ಪತ್ರಿಕೆಯ ಮೂಲಕ ಹರ್ಷದಿಂದ ತಿಳಿಯಪಡಿಸುವುದೇನೆಂದರೆ, ಕರಿ ಮಿಕ್ಸರ್ ಮೇಲೋ ಬೆಳ್ಳಿ ಬಣ್ಣದ ಮಿಕ್ಸರ್ ಮೇಲೋ ಎಂಬ, ನನಗೂ ಜೊತೆಗಾರ ನವಾಝನಿಗೂ ಬಿಟ್ಟರೆ ಭೂಮಿಯ ಮೇಲೆ ಇನ್ನಾರಿಗೂ ಬೇಡವಾಗಿದ್ದ ಪ್ರಶ್ನೆ ಕೊನೆಗೂ ಇತ್ಯರ್ಥವಾಗಿದೆ.

ಮಾನ್ಯ ಕ್ರಾಸ್‌ಫೇಡರ್ ಮಹಾಶಯರೇ,

ತಾವು ಕ್ಷೇಮವೆಂದು ನಂಬುತ್ತೇನೆ, ನಂಬದೆ ಬೇರೆ ದಾರಿಯೂ ಇಲ್ಲ. ಎರಡು ತಿರುಗುತಟ್ಟೆಗಳ ಹಾಡು ಬೆರೆಸುವ ಡಿಜೆ ಪೆಟ್ಟಿಗೆಯಾದ ಮಿಕ್ಸರಿನ ಮೇಲೆ, ಕಿರುಬೆರಳಿನಷ್ಟು ಉದ್ದದ ಸೀಳೆಂಬ ಆಸ್ಥಾನದಲ್ಲಿ, ಗುಬುಟಾದ ತಾವು ಎಡಕ್ಕೆ ಸರಿದರೆ ಎಡತಟ್ಟೆಯ ಹಾಡು, ಬಲಕ್ಕೆ ಸರಿದರೆ ಬಲತಟ್ಟೆಯದು, ನಡುವೆ ನಿಂತರೆ ಎರಡೂ ಒಟ್ಟಿಗೆ ಎಂಬುದು ತಮ್ಮ ಆಡಳಿತದ ಸಂವಿಧಾನ. ಒಂದು ಕೈಯಲ್ಲಿ ರೆಕಾರ್ಡನ್ನು ಹಿಂದೆ ಮುಂದೆ ಉಜ್ಜುತ್ತ, ಇನ್ನೊಂದು ಕೈಯಲ್ಲಿ ತಮ್ಮನ್ನು ಪಟಪಟನೆ ಸರಿಸಿ ಆ ಸದ್ದನ್ನು ಕತ್ತರಿಸುವ ವಿದ್ಯೆಗೆ ಸ್ಕ್ರ್ಯಾಚ್ ಎಂದು ಹೆಸರು. ನನ್ನ ಮಾವ ಬೆಳ್ಯಪ್ಪನವರು ಇದನ್ನು, "ಹಾಡು ಚಂದ ಹೋಗ್ತಾ ಇರುವಾಗ ಇವ ಅದನ್ನು ಕೆರೆಯುದು ಯಾಕೆ?" ಎಂಬ ಒಂದೇ ವಾಕ್ಯದಲ್ಲಿ ವಿಮರ್ಶಿಸಿದ್ದಾರೆ.

ಆಲೆಟ್ಟಿಯ ನಾನೂ ಈಶ್ವರಮಂಗಲದ ನವಾಝನೂ ಜೊತೆಯಾಗಿ ಮದುವೆಯ ಹಿಂದಿನ ದಿನದ ಮೆಹಂದಿ ಕಾರ್ಯಕ್ರಮಗಳಿಗೆ ಡಿಜೆ ಹಾಕುವವರು. ನಮ್ಮ ಹಳೆಯ ಮಿಕ್ಸರ್ ಹೀಗೆ ಸದ್ದು ಕತ್ತರಿಸುವ ಪ್ರತಿ 'ಕಟ್'ಗೂ ಗರಗರ ಎನ್ನತೊಡಗಿದ್ದರಿಂದ, ಸ್ಕ್ರ್ಯಾಚ್ ಸ್ಪರ್ಧೆಯ ದೊಡ್ಡ ಕಲಾವಿದರು ಬಳಸುವ ಬ್ಯಾಟಲ್, ಅಂದರೆ ಯುದ್ಧದ, ಮಿಕ್ಸರುಗಳಲ್ಲಿ ಎರಡನ್ನು ಮಂಗಳೂರಿನ ಪರಿಚಯದ ವ್ಯಾಪಾರಿಯೊಬ್ಬರಿಂದ ಒಂದು ವಾರದ ಪರೀಕ್ಷೆಗೆಂದು ತಂದೆವು. ನಮಗೆ ಮಾಡಲು ಬೇರೆ ಯುದ್ಧವಿರಲಿಲ್ಲವಾದ್ದರಿಂದ ಮಿಕ್ಸರ್ ಬಂದ ದಿನದಿಂದ ನಾವಿಬ್ಬರೇ ಯುದ್ಧಕ್ಕೆ ನಿಂತೆವು.

ಬೆಳ್ಳಿಯ ಮಿಕ್ಸರ್ ರುಬ್ಬುವ ಕಲ್ಲಿನ ತಮ್ಮನಂತೆ ಭಾರ. ಗುಂಡಿಗಳು ಕಡಿಮೆ, ಮಾತೂ ಕಡಿಮೆ. ಅದರ ಕ್ರಾಸ್‌ಫೇಡರ್ ಬೆರಳಿಗೆ ತುಸು ಬಿಗಿ, ಆದರೆ ಕತ್ತರಿಸಿದ್ದು ಮೆಟ್ಟುಕತ್ತಿಯಲ್ಲಿ ಹೆಚ್ಚಿದ ಸೌತೆಯಂತೆ ಒಂದೇ ಅಳತೆಯಲ್ಲಿ ಬೀಳುತ್ತದೆ. ತಮ್ಮ ಕರಿ ಮಿಕ್ಸರಿನ ವೈಭವವನ್ನಾದರೋ ಏನೆಂದು ಬಣ್ಣಿಸಲಿ! ಬಣ್ಣ ಬಣ್ಣದ ಬೆಳಕಿನ ಪ್ಯಾಡುಗಳು, ತಟ್ಟಿದರೆ ಪ್ರತಿಧ್ವನಿ ಕೊಡುವ ಹಿಡಿಗಳು, ಒಳಭಾಗಗಳು ಒಂದನ್ನೊಂದು ತಾಗದೆ ಅಯಸ್ಕಾಂತದ ಬಲದಿಂದಲೇ ಕೆಲಸ ಮಾಡುವ ತಾವು. ತಾವು ಎಷ್ಟು ಸೂಕ್ಷ್ಮವೆಂದರೆ, ಹಳೆಯ ಮಿಕ್ಸರಿನಲ್ಲಿ ಕಟ್ ತಪ್ಪಿದಾಗ "ಫೇಡರ್ ಸರಿ ಇಲ್ಲ ಮಾರಾಯ್ರೆ" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ ನನ್ನ ಹತ್ತು ವರ್ಷಗಳ ಗೌರವವನ್ನು ತಾವು ಮೊದಲ ಅರ್ಧ ಗಂಟೆಯಲ್ಲೇ ಕಳೆದಿರಿ. ತಪ್ಪಿದ್ದೆಲ್ಲ ನನ್ನ ಬೆರಳೇ ಎಂಬುದು ಲೋಕಕ್ಕೆ ಗೊತ್ತಾಯಿತು. ಆದರೂ ತಮ್ಮ ಬೆಳಕಿಗೆ ಮರುಳಾಗಿ ನಾನು ತಮ್ಮ ಪಕ್ಷವನ್ನೇ ಸೇರಿದೆ. ನವಾಝ್ ಮಾತ್ರ, "ಅದು ನೋಡ್ಲಿಕ್ಕೆ ಚಂದ. ನಾವು ದುಡಿಯುದು ಕೈಯಿಂದ ಅಲ್ವಾ, ಕಣ್ಣಿಂದ ಅಲ್ಲ" ಎಂದು ಬೆಳ್ಳಿಗೆ ಅಂಟಿಕೊಂಡ.

ಕೊನೆಗೆ ಕೊಲ್ಲಮೊಗ್ರಿನಲ್ಲಿ, ನನ್ನ ಹೆಂಡತಿಯ ತಂಗಿ ಪ್ರಣೀತಾಳ ಮೆಹಂದಿಯಲ್ಲಿ ಎರಡನ್ನೂ ಹಾಕಿ ನೋಡುವುದು, ಜನ ಯಾವುದಕ್ಕೆ ಹೆಚ್ಚು ಕುಣಿಯುತ್ತಾರೋ ಅದನ್ನೇ ಇಟ್ಟುಕೊಳ್ಳುವುದು ಎಂದು ಒಪ್ಪಂದವಾಯಿತು. ಮದುಮಗಳು ಬರುವ ಹೊತ್ತು ಭಾವನಾದ ನನಗೆ, ಅಂದರೆ ತಮಗೆ. ಊಟದ ನಂತರದ್ದು ನವಾಝನಿಗೆ, ಬೆಳ್ಳಿಗೆ. ಪ್ರಣೀತಾ ಗೆಳತಿಯರೊಂದಿಗೆ ತಿಂಗಳಿಡೀ ಕುಣಿತ ಅಭ್ಯಾಸ ಮಾಡಿದ್ದಳು. ನಿಧಾನದ ಹಾಡಿನಲ್ಲಿ ತಲೆ ತಗ್ಗಿಸಿ ನಡೆದುಬಂದು, ಒಂದು ಸ್ಕ್ರ್ಯಾಚ್ ಕೇಳಿದ ಕೂಡಲೇ ಗಿರಕಿ ಹೊಡೆದು ವೇಗದ ಹಾಡಿಗೆ ಹೆಜ್ಜೆ ಹಾಕುವುದು. "ಭಾವ, ನನಗೆ ಚಿನ್ನ ಬೇಡ, ಸೀರೆ ಬೇಡ, ಆ ಒಂದು ಕಟ್ ಸರಿ ಬರ್ಬೇಕು. ತಪ್ಪಿದ್ರೆ ನಾನು ತಿರುಗಿ ಒಳಗೆ ಹೋಗುದು, ಮತ್ತೆ ಬರುದಿಲ್ಲ" ಎಂದಿದ್ದಳು. ಆಡಿದಂತೆ ನಡೆಯುವ ಹುಡುಗಿ. ಹೆಣ್ಣು ನೋಡಲು ಬಂದ ಮೊದಲ ಗಂಡನ್ನು ಅರ್ಧ ಲೋಟ ಕಾಫಿಯಲ್ಲೇ ಕಳಿಸಿದವಳು.

ಈಗ ದೂರಿನ ಮೂಲಕ್ಕೆ ಬರುತ್ತೇನೆ. ಅಂದು ಮಧ್ಯಾಹ್ನ ಆಲೆಟ್ಟಿಯ ಬಿಸಿಲಿನಲ್ಲಿ ಕೊನೆಯ ಅಭ್ಯಾಸಕ್ಕೆ ಕುಳಿತಾಗ ತಾವು ನನಗೆ ತುಸು ಬಿಗಿ ಎನಿಸಿದಿರಿ. ತಮ್ಮ ಬಿಗಿಯನ್ನು ಸಡಿಲಿಸಲು ಒಂದು ಸ್ಕ್ರೂ ಇದೆ, ಅದನ್ನು ಕೈಪಿಡಿಯಲ್ಲಿ ಚಿತ್ರಸಹಿತ ಬರೆದಿದ್ದಾರೆ ಎಂಬುದು ಕೈಪಿಡಿ ಓದುವವರಿಗೆ ಗೊತ್ತಿರುತ್ತದೆ. ನಾನಾದರೋ ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ, ಸೊಳ್ಳೆ ಕಚ್ಚಿದ ಮಗುವಿಗೆ, ನೆತ್ತಿಗೆ, ಹಲಸಿನ ಮೇಣದ ಕೈಗೆ, ಎಲ್ಲಕ್ಕೂ ಒಂದೇ ಮದ್ದು ಬಲ್ಲ ಊರಿನವನು. ಬಚ್ಚಲಿನ ಗೂಡಿನಿಂದ ತೆಂಗಿನೆಣ್ಣೆಯ ಬಾಟಲಿ ತಂದು ತಮ್ಮ ಸೀಳಿನೊಳಗೆ ಒಂದು ಹನಿ ಬಿಟ್ಟೆ. ಹನಿಗೇ ಇಷ್ಟು ನುಣುಪಾದರೆ ಮುಚ್ಚಳಕ್ಕೆ ಎಷ್ಟಾದೀತು ಎಂದು ಮುಚ್ಚಳದಷ್ಟು ಬಿಟ್ಟೆ. ಬೆಳ್ಳಿಯದಕ್ಕೆ ಬಿಡಲಿಲ್ಲ. ನ್ಯಾಯಯುತ ಹೋಲಿಕೆಯ ಬಗ್ಗೆ ನನ್ನ ತಿಳಿವಳಿಕೆ ಅಷ್ಟು.

ಆಹಾ, ಆ ಮಧ್ಯಾಹ್ನ ತಾವು ಜಾರಿದ ಪರಿ! ಆದರೆ ಸಂಜೆ ಏಳರ ಹೊತ್ತಿಗೆ ಕಾಡಿನಂಚಿನ ಕೊಲ್ಲಮೊಗ್ರಿನಲ್ಲಿ ಡಿಸೆಂಬರಿನ ಚಳಿ ಇಳಿದಿತ್ತು. ತೆಂಗಿನೆಣ್ಣೆ ಚಳಿಗೆ ಏನಾಗುತ್ತದೆಂದು ತಲೆಗೆ ಎಣ್ಣೆ ಹಚ್ಚುವ ಪ್ರತಿಯೊಬ್ಬನಿಗೂ ಗೊತ್ತು, ನನ್ನ ತಲೆಗೂ ಗೊತ್ತು, ಆ ಹೊತ್ತಿಗೆ ಅದು ನನಗೆ ಹೇಳಲಿಲ್ಲ. ಮದುಮಗಳು ಹೊರಡಲು ಹತ್ತು ನಿಮಿಷವಿರುವಾಗ ಸದ್ದು ನೋಡಲೆಂದು ತಮ್ಮನ್ನು ಎಡಕ್ಕೆ ತಳ್ಳಿದರೆ ತಾವು ನಟ್ಟನಡುವೆ ಕಲ್ಲಾಗಿ ನಿಂತಿದ್ದಿರಿ. ನಿಧಾನದ ಹಾಡೂ ವೇಗದ ಹಾಡೂ ಒಟ್ಟಿಗೆ ಹೊರಟು ಅಂಗಳದಲ್ಲಿ ಡಿಕ್ಕಿ ಹೊಡೆದವು. ಪಕ್ಕದಲ್ಲಿ ಮೇಲೆ ಕೆಳಗೆ ಸರಿಯುವ ಸಾದಾ ಫೇಡರುಗಳಿದ್ದವು, ಅವುಗಳಿಂದ ಹಾಡನ್ನು ಬದಲಿಸಬಹುದಿತ್ತು. ಪ್ರಣೀತಾಳ ಗಿರಕಿಗೆ ಬೇಕಾದ ಆ ಸ್ಕ್ರ್ಯಾಚ್ ಮಾತ್ರ ತಮ್ಮನ್ನು ಬಿಟ್ಟು ಯಾರ ಕೈಯಲ್ಲೂ ಇರಲಿಲ್ಲ. ಬೆಳ್ಳಿಯ ಮಿಕ್ಸರ್ ವ್ಯಾನಿನಲ್ಲಿ, ವ್ಯಾನು ಗುಡ್ಡದ ಕೆಳಗೆ.

ನವಾಝ್ ಬಂದು ಬಗ್ಗಿ ಮೂಸಿದ. "ಎಂತ ಮಾರಾಯ, ಇದು ಮಿಕ್ಸರಾ ಅಲ್ಲ ನಿನ್ನ ತಲೆಯಾ?"

ನಾನು ಸತ್ಯ ಹೇಳಿದೆ. ಅವನು ಬ್ಯಾರಿ ಭಾಷೆಯಲ್ಲಿ ಒಂದು ಮಾತು ಹೇಳಿದ, ಅದನ್ನು ಈ ಪತ್ರಿಕೆ ಅಚ್ಚು ಹಾಕುವುದಿಲ್ಲ. ಮಾವ ಬೆಳ್ಯಪ್ಪನವರು, "ಬಿಸಿ ಆಗ್ಬೇಕು ಅಷ್ಟೇ ಅಲ್ವಾ? ಪಾಯಸದ ಒಲೆಯ ಹತ್ರ ಇಡಿ, ಇಲ್ಲದಿದ್ರೆ ಎರಡು ಚೆಂಬು ಬಿಸಿನೀರು ಹೊಯ್ಯಿರಿ" ಎಂದು ಉದಾರವಾಗಿ ಸೂಚಿಸಿದರು. ಅಷ್ಟರಲ್ಲಿ ಒಳಗಿನಿಂದ ಗುಂಯ್ಯೆನ್ನುವ ಸದ್ದು ಕೇಳಿಸಿತು: ಮದುಮಗಳ ಅಲಂಕಾರಕ್ಕೆ ಬಂದಿದ್ದ ಕಡಬದ ಕೌಸಲ್ಯಕ್ಕನ ಹೇರ್ ಡ್ರೈಯರ್.

ಕೌಸಲ್ಯಕ್ಕ ಕೊಡಲೊಪ್ಪಲಿಲ್ಲ. "ಅರ್ಧ ತಲೆ ಒದ್ದೆ ಉಂಟು. ನಿಮ್ಮ ಪೆಟ್ಟಿಗೆಗೆ ನನ್ನ ಮದುಮಗಳನ್ನು ಹಾಳು ಮಾಡುದಾ?"

ಪ್ರಣೀತಾ ಕನ್ನಡಿಯಿಂದ ತಿರುಗದೆಯೇ ತೀರ್ಪಿತ್ತಳು. "ಕೊಡಿ ಅಕ್ಕ. ಕೂದಲು ಒದ್ದೆ ಇದ್ರೆ ನನಗೆ ಮಾತ್ರ ಗೊತ್ತಾಗುದು. ಕಟ್ ತಪ್ಪಿದ್ರೆ ಇಡೀ ಕೊಲ್ಲಮೊಗ್ರಿಗೆ ಗೊತ್ತಾಗ್ತದೆ."

ಹಾಗೆ, ಮಹಾಶಯರೇ, ನವಾಝ್ ಡ್ರೈಯರನ್ನು ತಮ್ಮತ್ತ ಹಿಡಿದು ನಿಂತ, ನಾನು ತಮ್ಮನ್ನು ಪುಸಲಾಯಿಸುತ್ತ ಕುಳಿತೆ, ಪ್ರಣೀತಾ ತಲೆ ತಗ್ಗಿಸಿ ನಡೆದುಬಂದಳು. ತಾವು ಕರಗಿದಿರಿ. ಕಟ್ ಬಿತ್ತು, ಅವಳ ಗಿರಕಿಗೆ ಒದ್ದೆ ಜಡೆಯಿಂದ ಹಾರಿದ ನೀರು ಮುಂದಿನ ಸಾಲಿನ ಹಿರಿಯರ ಮೇಲೆ ಬಿತ್ತು, ಅವರು ಅದನ್ನೂ ಕಾರ್ಯಕ್ರಮದ ಭಾಗವೆಂದೇ ತಿಳಿದು ಚಪ್ಪಾಳೆ ಹೊಡೆದರು. ಮಗಳ ಮದುವೆ ಗೊತ್ತುಮಾಡಿರುವ ಕೃಷ್ಣಮೋಹನರೆಂಬವರು ಅಲ್ಲೇ ನಮ್ಮನ್ನು ಗೊತ್ತುಮಾಡಿ, "ಆ ಗಾಳಿಯ ಪಿಸ್ತೂಲನ್ನು ಮಾತ್ರ ಮರೆಯದೆ ತನ್ನಿ" ಎಂದರು.

ಹೋಲಿಕೆಯ ಫಲಿತಾಂಶವನ್ನು ನವಾಝ್ ಊಟದ ಪಂಕ್ತಿಯಲ್ಲೇ ಘೋಷಿಸಿದ: "ಎಣ್ಣೆ ಕುಡಿಸಿದ ಮಿಕ್ಸರನ್ನು ಇನ್ನು ಯಾರಿಗೆ ವಾಪಸ್ ಕೊಡುದು? ಕರಿಯದ್ದೇ ಗೆದ್ದಿತು, ಮುಗೀತು." ಎಲ್ಲ ವಿಷಯಗಳಲ್ಲೂ ಮೇಲಾಗಿದ್ದ ಬೆಳ್ಳಿಯ ಮಿಕ್ಸರ್, ಎಣ್ಣೆ ಮುಟ್ಟದೆ ಉಳಿದ ಒಂದೇ ಕಾರಣಕ್ಕೆ ಮಂಗಳೂರಿಗೆ ಮರಳಿತು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಮುಂದಿನ ಜನ್ಮದಲ್ಲಿ ತಾವು ತಣ್ಣಗಾಗುವ ಮೊದಲು ಒಮ್ಮೆ ಕೆಮ್ಮಬೇಕು. ಎಣ್ಣೆ ಹಿಡಿದ ಕೈ ಹತ್ತಿರ ಬಂದರೆ ಶಾಕ್ ಹೊಡೆಯಬೇಕು. ಹಾಗೂ ತಪ್ಪೆಲ್ಲ ನನ್ನದೇ ಆಗಿರುವಾಗ, ಮರ್ಯಾದೆಗಾದರೂ ಒಂದಿಷ್ಟು ಗರಗರ ಎಂದು ಪಾಲು ಹಂಚಿಕೊಳ್ಳಬೇಕು.

ಎಡಕ್ಕೂ ಬಲಕ್ಕೂ ಸಮಾನವಾಗಿ ತಮ್ಮ ವಿಶ್ವಾಸಿಯಾದ,
ಲತೀಶ್, ಆಲೆಟ್ಟಿ

ವಿ.ಸೂ.: ಗಡಿಬಿಡಿಯಲ್ಲಿ ಕೌಸಲ್ಯಕ್ಕನ ಡ್ರೈಯರ್ ನಮ್ಮ ವಯರಿನ ಚೀಲದಲ್ಲಿ ಬಂದುಬಿಟ್ಟಿದೆ, ಭಾನುವಾರ ಅವರಿಗೆ ಇನ್ನೊಬ್ಬ ಮದುಮಗಳಿದ್ದಾಳೆ. ತಾವು ಹುಟ್ಟಿದಂದಿನಿಂದ ಒಂದು ಗೇಣು ದೂರವೂ ಹೋದವರಲ್ಲವಾದ್ದರಿಂದ ಈ ಕೆಲಸವನ್ನು ಓದುಗರಿಗೇ ಹೇಳುತ್ತೇನೆ: ಶನಿವಾರದೊಳಗೆ ಸುಳ್ಯದಿಂದ ಕಡಬಕ್ಕೆ ಹೋಗುವವರು ಯಾರಾದರೂ ಇದ್ದರೆ ಆಲೆಟ್ಟಿಯ ನಮ್ಮ ಮನೆಗೆ ಬಂದು ಅದನ್ನು ಒಯ್ದು ಕೊಡಬೇಕು. ನಾನೇ ಯಾಕೆ ಬರಲಿಲ್ಲ ಎಂದು ಕೌಸಲ್ಯಕ್ಕ ಕೇಳಿದರೆ, ಜ್ವರ ಎಂದುಬಿಡಿ.