ಬಾಯಿ ಬಂದ ಅಪಾಯಿಂಟ್‌ಮೆಂಟ್ ಟೇಬಲ್ಲು

ಕಣ್ಣಿದ್ದೋರು ಮಾಡಿದ ಸಾಫ್ಟ್‌ವೇರನ್ನ ಕಣ್ಣಿಲ್ಲದೋರು ಒಂದು ಸಲ ಬಳಸಿ ನೋಡಿದ್ರೆ ಸಾಕು, ಮಾಡಿದೋರ ಬಂಡವಾಳ ಬಯಲಾಗುತ್ತೆ. ನಮ್ಮದು ಒಂದೇ ತಿಂಗಳಲ್ಲಿ ನಾಲ್ಕು ಸಲ ಬಯಲಾಯ್ತು.

ಎರಡು ಸಾವಿರನೇ ಇಸವಿ ಆಸುಪಾಸಿನ ಮಾತು. ಜಯನಗರ ನಾಲ್ಕನೇ ಬ್ಲಾಕಲ್ಲಿ ಬಟ್ಟೆ ಅಂಗಡಿ ಮೇಲಿನ ಮಹಡೀಲಿ ನಾವು ಮೂರು ಜನ, ನಮ್ಮ ಮೇಲೊಬ್ಬರು ಯಜಮಾನರು. ಬನಶಂಕರಿಯ ಒಂದು ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ಬರೆಯೋ ಸಾಫ್ಟ್‌ವೇರ್ ಮಾಡ್ತಿದ್ವಿ. ಚೌಕಾಬಾರದ ಮನೆಗಳ ಥರ ಒಂದು ಟೇಬಲ್ಲು. ಸಾಲಿಗೊಂದು ಸಮಯ, ಕಾಲಮ್ಮಿಗೊಬ್ಬ ಡಾಕ್ಟರು. ಬೇಕಾದ ಮನೆ ಮೇಲೆ ಹೋಗಿ ಸ್ಪೇಸ್ ಬಾರ್ ಒತ್ತಿದ್ರೆ ಬುಕ್ ಆಯ್ತು.

ಕ್ಲಿನಿಕ್ಕಲ್ಲಿ ಫೋನ್ ಎತ್ತೋರು ಧಾರವಾಡದ ಕಡೆಯ ಒಬ್ಬ ಮೇಡಂ. ಬಿಟಿಎಂ ಬಡಾವಣೇಲಿ ಬಾಡಿಗೆ ಮನೆ. ಅವರಿಗೆ ಕಣ್ಣು ಕಾಣಲ್ಲ. ವರ್ಷಗಟ್ಟಲೆ ಬ್ರೈಲಲ್ಲಿ ಚುಚ್ಚಿ ಬರ್ಕೊಂಡು ಒಂದು ಅಪಾಯಿಂಟ್‌ಮೆಂಟೂ ತಪ್ಪಿಸಿರಲಿಲ್ಲ. ಈಗ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ರು: ತಿಂಗಳ ಕೊನೆಯೊಳಗೆ ಕಂಪ್ಯೂಟರಲ್ಲಿ ಮಾಡೋಕೆ ಬಂದ್ರೆ ಕೆಲಸ ಇರುತ್ತೆ, ಇಲ್ಲಾಂದ್ರೆ ಬೇರೆಯವರನ್ನ ತಗೋತೀವಿ. ಅವರ ಕಂಪ್ಯೂಟರಲ್ಲಿ ಪರದೆ ಮೇಲಿರೋದನ್ನ ಇಂಗ್ಲಿಷಲ್ಲಿ ಗಟ್ಟಿಯಾಗಿ ಓದೋ ಒಂದು ಸಾಫ್ಟ್‌ವೇರ್ ಇತ್ತು. ಅದಕ್ಕೆ ಅರ್ಥ ಆಗೋ ಹಾಗೆ ನಮ್ಮ ಟೇಬಲ್ಲನ್ನ ಮಾಡ್ಬೇಕಿತ್ತು.

೧. ಹಸಿರು

ಮೊದಲ ದಿನ ಮೇಡಂ ಬಾಣದ ಕೀ ಒತ್ತಿದ್ರು. ಕಂಪ್ಯೂಟರ್ "ಸೆಲ್" ಅಂತು, ಅಂದ್ರೆ ಟೇಬಲ್ಲಿನ ಒಂದು ಮನೆ. ಇನ್ನೊಂದು ಸಲ ಒತ್ತಿದ್ರು. "ಸೆಲ್." ಇಪ್ಪತ್ತು ಸಲ ಒತ್ತಿದ್ರೂ ಅದೇ ಪಾಠ.

"ಖಾಲಿ ಐತೋ ತುಂಬೇತೋ, ನಾ ಹೆಂಗ ತಿಳೀಬೇಕ್ರಿ?" ಅಂದ್ರು.

ನಮ್ಮಲ್ಲೇ ಬುದ್ಧಿವಂತ ಅನ್ನಿಸ್ಕೊಂಡಿದ್ದ ಪ್ರೋಗ್ರಾಮರ್ ತುಂಬ ಮರ್ಯಾದೆಯಿಂದ ಹೇಳಿದ: "ಸುಲಭ ಮೇಡಂ. ಹಸಿರಿದ್ರೆ ಖಾಲಿ, ಕೆಂಪಿದ್ರೆ ಬುಕ್ ಆಗಿದೆ."

ಮೇಡಂ ಅವನ ಕಡೆ ತಿರುಗಿದ್ರು. "ಹಂಗಂದ್ರ ಫೋನ್ ಮಾಡಿದವ್ರನ್ನ ಕೇಳ್ತೇನ್ರಿ, ಅವರಿಗೇನರ ಕಾಣ್ತದೇನೋ."

೨. ಯಜಮಾನರ ಪರೀಕ್ಷೆ

ಖಾಲಿ, ಭರ್ತಿ ಅಂತ ಹೇಳೋದನ್ನ ಟೇಬಲ್ಲಿಗೆ ಕಲಿಸಿದ್ವಿ. ಆದ್ರೂ ಮೇಡಂ ದಿನಾ ಫೋನ್ ಮಾಡಿ ಇದು ಸರಿ ಐತಿ, ಅದು ಸರಿ ಇಲ್ಲ ಅಂತ ಅರ್ಧ ಗಂಟೆ ವರದಿ ಒಪ್ಪಿಸೋರು. ಯಜಮಾನರಿಗೆ ಸಾಕಾಯ್ತು. "ಮೇಡಂ, ಸರಿ ಇರೋದು ಬೇಡ. ತಪ್ಪಿದ್ರೆ ಮಾತ್ರ ಹೇಳಿ" ಅಂದ್ರು.

"ಆತ್ರಿ. ನೀವೊಮ್ಮೆ ಪರದೆ ಆಫ್ ಮಾಡಿ ಬುಕ್ ಮಾಡಿ ನೋಡ್ರಿ. ನನಗ್ಯಾಕ ಹೇಳೋದು ಜಾಸ್ತಿ ಐತಿ ಅಂತ ತಿಳೀತೈತಿ."

ಯಜಮಾನರು ಮಾನಿಟರ್ ಆಫ್ ಮಾಡಿ, ಐದು ನಿಮಿಷ ಕುಟ್ಟಿ, ಹೆಮ್ಮೆಯಿಂದ ಆನ್ ಮಾಡಿದ್ರು. ಒಬ್ಬನೇ ಪೇಷಂಟಿಗೆ ಒಂದೇ ದಿನ ಹದಿನಾಲ್ಕು ಅಪಾಯಿಂಟ್‌ಮೆಂಟು, ಅದರಲ್ಲಿ ಮೂರು ಹೆರಿಗೆ ಡಾಕ್ಟರ ಹತ್ರ. ಫೋನಲ್ಲಿ ಹೇಳಿದ್ವಿ.

"ಆ ಮನಷ್ಯಾ ಉಳೀತಾನೇನ್ರಿ?" ಅಂದ್ರು ಮೇಡಂ.

೩. ಉಪನ್ಯಾಸ

ನಾಚಿಕೆಯಾಗಿ ಎಲ್ಲವನ್ನೂ ಓದೋ ಹಾಗೆ ಮಾಡಿದ್ವಿ. ಒಂದೊಂದು ಮನೆಗೂ ಕ್ಲಿನಿಕ್ಕಿನ ಹೆಸರು, ವಾರ, ತಾರೀಖು, ಡಾಕ್ಟರ ಹೆಸರು, ಅವರ ಅಷ್ಟೂ ಡಿಗ್ರಿ, ಸಮಯ, ಕೊನೆಗೆ ಖಾಲಿಯೋ ಭರ್ತಿಯೋ. ಅತಿಯಾದ್ರೆ ಅಮೃತಾನೂ ವಿಷ. ಜ್ವರ ಅಂತ ಫೋನ್ ಮಾಡಿದ ಒಬ್ಬ ಅಂಕಲ್ ಬಹಳ ಹೊತ್ತು ಕಾದು, "ಬಿಡಮ್ಮ, ಈಗ ವಾಸಿ" ಅಂತ ಇಟ್ಟುಬಿಟ್ರಂತೆ.

ಕತ್ತರಿಸೋ ಕೆಲಸ ನನಗೆ ಬಂತು. ಡಾಕ್ಟರು, ಸಮಯ, ಖಾಲಿ. ಅಷ್ಟೇ ಸಾಕು. ಇಲ್ಲಿ ಒಂದು ಮಾತು ಹೇಳ್ಬೇಕು. ಇಂಥ ಟೇಬಲ್ಲಲ್ಲಿ ಕಣ್ಣಿಗೆ ಕಾಣೋ ಹೆಸರು ಬೇರೆ, ಕಿವಿಗೆ ಹೇಳೋ ಹೆಸರು ಬೇರೆ. ಎರಡನ್ನೂ ಪ್ರತ್ಯೇಕ ಬರೀಬೇಕು. ಅವತ್ತು ಬೆಳಿಗ್ಗೆ ತಾನೇ ದೊಡ್ಡ ಡಾಕ್ಟರು ಫೋನ್ ಮಾಡಿ ನನಗೆ ಚೆನ್ನಾಗಿ ಉಗಿದಿದ್ರು. ಸದ್ಯಕ್ಕಿರಲಿ, ಆಮೇಲೆ ಬದಲಾಯಿಸೋಣ ಅಂತ ಕಿವಿಯ ಜಾಗದಲ್ಲಿ ಅವರಿಗೊಂದು ಹೆಸರು ಬರೆದೆ. ಪರದೆ ಮೇಲೆ ಅದು ಕಾಣಲ್ಲ. ಕಾಣಲ್ಲವಾದ್ರಿಂದ ಮರೆತೂ ಹೋಯ್ತು.

೪. ಕೊನೆಯ ದಿನ

ತಿಂಗಳ ಕೊನೆಗೆ ಪರೀಕ್ಷೆ. ಕ್ಲಿನಿಕ್ಕಿನ ಹಜಾರದಲ್ಲಿ ಹತ್ತು ಹನ್ನೆರಡು ಪೇಷಂಟ್‌ಗಳು. ಮೇಡಂ ಹೆಡ್‌ಫೋನ್ ಹಾಕ್ಕೊಂಡು ಕೂತ್ರು. ಪಕ್ಕದಲ್ಲಿ ದೊಡ್ಡ ಡಾಕ್ಟರು, ಹಿಂದೆ ನಾನು.

"ಅದನ್ನ ತೆಗಿಯಮ್ಮ, ನಾನೂ ಕೇಳ್ಬೇಕು" ಅಂದ್ರು ಡಾಕ್ಟರು. ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದ್ವಿ. "ನನಗೆ ನಾಳೆ ಹತ್ತೂವರೆಗೆ ಒಬ್ಬರನ್ನ ಹಾಕು."

ಮೇಡಂ ಕೀ ಒತ್ತಿದ್ರು. ಕಂಪ್ಯೂಟರ್ ಇಡೀ ಹಜಾರಕ್ಕೆ ಕೇಳೋ ಹಾಗೆ ಹೇಳ್ತು: "ಆಂಗ್ರಿ ಡಾಕ್ಟರ್. ಟೆನ್ ಥರ್ಟಿ. ಫ್ರೀ."

ಪೇಷಂಟ್‌ಗಳೆಲ್ಲ ನೆಲ ನೋಡೋಕೆ ಶುರು ಮಾಡಿದ್ರು. ನನಗೆ ನಿಜವಾಗ್ಲೂ ಭಯ ಆಯ್ತು. ನನ್ನ ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ನನ್ನ ಕೊಬ್ಬಿಗೆ ಅವರ ಕೆಲಸ ಹೋಗ್ಬಾರ್ದಲ್ಲ.

ಮೇಡಂ ಮಾತ್ರ ಸ್ಪೇಸ್ ಬಾರ್ ಒತ್ತಿ, ಹೆಸರು ಬರೆದು, "ಆತ್ರಿ ಸರ್" ಅಂದ್ರು. ಡಾಕ್ಟರು ಬಗ್ಗಿ ಪರದೆ ನೋಡಿದ್ರು. ಸರಿಯಾದ ಮನೇಲಿ ಸರಿಯಾದ ಹೆಸರಿತ್ತು.

"ಸರಿ, ಸೋಮವಾರದಿಂದ ಇದರಲ್ಲೇ ಮಾಡು" ಅಂತ ತಮ್ಮ ರೂಮಿಗೆ ಹೊರಟೋರು, ನನ್ನನ್ನ ಒಂದು ಸಲ ನೋಡಿ, ಬಾಗಿಲ ಹತ್ರ ನಿಂತು ತಿರುಗಿದ್ರು.

"ಇದು ಎಷ್ಟು ದಿನದಿಂದ ನನ್ನನ್ನ ಹಾಗೆ ಕರೀತಿದೆಯಮ್ಮ?"

"ಹತ್ತು ದಿನ ಆತ್ರಿ."

"ಮತ್ತೆ ಇವರಿಗೆ ಯಾಕೆ ಹೇಳ್ಲಿಲ್ಲ?"

"ತಪ್ಪಿದ್ರಷ್ಟ ಹೇಳ್ರಿ ಅಂತ ಇವರ ಯಜಮಾನ್ರು ಅಂದಿದ್ರಲ್ರಿ ಸರ್" ಅಂದ್ರು ಮೇಡಂ. "ಇದರಾಗ ತಪ್ಪೇನೈತ್ರಿ?"