ಸಿಸ್ಟ್ರಣ್ಣನ ಅವಸರದ ಓದು

ಬೇರೆಯವರ ಬದುಕಿನಲ್ಲಿ ನಗೆಪಾಟಲಾಗುವ ಪ್ರಸಂಗ ವರ್ಷಕ್ಕೊಂದೋ ಎರಡೋ ಬರುತ್ತದಂತೆ. ನರ್ಸಿಂಗ್ ಕಲಿಯಲು ಹೊರಟ ಮೇಲೆ ನನಗೆ ತಿಂಡಿಗೆ ಮುಂಚೆ ಒಂದು, ಊಟವಾದ ಮೇಲೆ ಒಂದು, ಮಾತ್ರೆಯ ಲೆಕ್ಕದಲ್ಲಿ ಬರತೊಡಗಿತು.

ಅದಕ್ಕೂ ಮೊದಲು ಹನ್ನೆರಡು ವರ್ಷ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಕಬ್ಬಿಣದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಹಾಗೆ ವಾಪಸ್ ಹೋದ ಮಾಲೆಲ್ಲ ನಮ್ಮ ಪ್ರೊಡಕ್ಷನ್ ಸೂಪರ್‌ವೈಸರ್ ತಲೆಗೆ ಬರುತ್ತಿತ್ತು. ಪ್ರತಿ ತಿಂಗಳ ಕೊನೆಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತು, "ಮಾಲು ಓಕೆ ಇದೆ ಗುರು, ಕಣ್ಣು ಮುಚ್ಕೊಂಡು ಪಾಸ್ ಮಾಡು" ಎನ್ನುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡು ಕೆಂಪು ಚೀಟಿ ಅಂಟಿಸುತ್ತಿದ್ದೆ.

ಹೀಗಿರುವಾಗ ಅಮ್ಮ ಆಸ್ಪತ್ರೆ ಸೇರಿದಳು. ಅಲ್ಲೊಬ್ಬ ಗಂಡು ನರ್ಸ್ ಅವಳಿಗೆ ಔಷಧಿ ಕೊಟ್ಟ ಮೇಲೆ, ಜಡೆ ಸಿಕ್ಕುಗಟ್ಟಿದ್ದನ್ನು ನೋಡಿ, ಪಕ್ಕದಲ್ಲಿ ಕೂತು ನಿಧಾನವಾಗಿ ಬಾಚಿ ಹೆಣೆದ. ಅಮ್ಮ ಗುಣವಾಗಿ ಮನೆಗೆ ಬಂದಳು. ಆ ಜಡೆ ಮಾತ್ರ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಮೊದಲೇ ಒಂದು ಡಿಗ್ರಿ ಇದ್ದವರಿಗೆಂದು, ವರ್ಷಗಟ್ಟಲೆ ಪಾಠವನ್ನು ಒತ್ತಿ ತುಂಬಿ ಬೇಗ ಮುಗಿಸುವ ನರ್ಸಿಂಗ್ ಕೋರ್ಸು ಬೊಮ್ಮಸಂದ್ರದ ಕಡೆ ಇದೆ ಎಂದು ತಿಳಿದು ಸೇರಿಕೊಂಡೇ ಬಿಟ್ಟೆ.

ನನ್ನ ಹೆಂಡತಿ ಶಾಲೆಯ ಟೀಚರ್. ಅವಳದು ಒಂದೇ ಷರತ್ತು. "ಓದು ಮುಗಿಯೋವರ್ಗೂ ಮನೆ ನಾನು ನಡೆಸ್ತೀನಿ. ಆದ್ರೆ ಒಂದೇ ಸಲಕ್ಕೆ ಪಾಸಾಗ್ಬೇಕು. ಫೇಲಾದ್ರೆ ಮಾತೇ ಇಲ್ಲ, ವಾಪಸ್ ಪೀಣ್ಯ."

ಕಾರ್ಖಾನೆಯಲ್ಲಿ ಬೀಳ್ಕೊಡುವ ದಿನ ಸೂಪರ್‌ವೈಸರ್ ಹೆಗಲ ಮೇಲೆ ಕೈ ಹಾಕಿ ಹೇಳಿದರು: "ಹೋಗ್ಬಾ ಗುರು. ನಿನ್ ಕುರ್ಚಿ ಖಾಲಿ ಇಟ್ಟಿರ್ತೀನಿ. ನನ್ ಮಾಲೆಲ್ಲಾ ವಾಪಸ್ ಬರ್ತಿತ್ತಲ್ಲ, ಹಂಗೇ ನೀನೂ ಬರ್ತೀಯ."

ಹಾಸಿಗೆ

ನರ್ಸಿಂಗ್ ಅಂದರೆ ಮೊದಲ ದಿನವೇ ಪ್ರಾಣ ಉಳಿಸುವುದು ಎಂದುಕೊಂಡಿದ್ದೆ. ಮೊದಲ ವಾರ ಕಲಿಸಿದ್ದು ಹಾಸಿಗೆ ಹಾಸುವುದು. ಬೆಡ್‌ಶೀಟಿನ ಮೂಲೆಯನ್ನು ನಲವತ್ತೈದು ಡಿಗ್ರಿಗೆ ಮಡಚಬೇಕು, ಸುಕ್ಕು ಇರಕೂಡದು ಎಂದರು ನಮಗೆ ಪಾಠ ಹೇಳುವ ಮೇಡಂ. ಉಳಿದವರೆಲ್ಲ ಅಂದಾಜಿಗೆ ಮಡಚಿದರು. ನಾನು ಜೇಬಿನಿಂದ ಸ್ಕೇಲು ತೆಗೆದೆ.

ವಾರ್ಡಿಗೆ ಹೋದ ದಿನ ಹಾಸಿಗೆಯ ಯಜಮಾನರಾದ ಒಬ್ಬ ತಾತ ಗೋಡೆಗೆ ಒರಗಿ ನಿಂತು ಕಾಯುತ್ತಿದ್ದರು. ನಾನು ಹಾಸಿ ಮುಗಿಸಿದೆ, ಅವರು ಕೂತರು, ಸುಕ್ಕಾಯಿತು. "ತಾತ, ಒಂದ್ನಿಮಿಷ ಏಳಿ" ಎಂದು ಎಬ್ಬಿಸಿ ಸರಿಮಾಡಿದೆ. ಮತ್ತೆ ಕೂತರು, ಮತ್ತೆ ಸುಕ್ಕು, ಮತ್ತೆ ಎಬ್ಬಿಸಿದೆ. ಇನ್ನೊಂದು ಸಲ ಎಬ್ಬಿಸಲು ಹೋದಾಗ ತಾತ ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

"ನಾನು ಮನೆಗೇ ಹೋಗ್ತೀನಿ ಮಗಾ. ಹಾಸಿಗೆ ಹುಷಾರಾಗ್ಲಿ."

ಓದಿದ ಕಾಯಿಲೆ

ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಅಂದರೆ ಊರಿನ ಆ ತುದಿಯಿಂದ ಈ ತುದಿ. ಹಸಿರು ಮೆಟ್ರೋದಲ್ಲಿ ಅರ್ಧ ಪುಸ್ತಕ, ಇಳಿದು ಹಳದಿ ಮೆಟ್ರೋ ಹತ್ತಿ ಇನ್ನರ್ಧ ಓದುತ್ತಿದ್ದೆ. ಅವಸರದ ಕೋರ್ಸಾದ್ದರಿಂದ ದಿನಕ್ಕೊಂದು ಅಂಗ ಮುಗಿಯುತ್ತಿತ್ತು. ಸೋಮವಾರ ಹೃದಯ ಓದಿದರೆ ಸೋಮವಾರ ಎದೆ ಹಿಡಿದುಕೊಳ್ಳುತ್ತಿತ್ತು, ಮಂಗಳವಾರ ಕಿಡ್ನಿ ಓದಿದರೆ ಸೊಂಟ ನೋಯುತ್ತಿತ್ತು. ಕ್ಲಾಸಿನಲ್ಲಿ ಎಲ್ಲರದೂ ಇದೇ ಗೋಳು.

ಪಕ್ಕದ ಸೀಟಿನಲ್ಲಿ ದಿನಾ ಒಬ್ಬರು ಕೂರುತ್ತಿದ್ದರು. ಬೊಮ್ಮಸಂದ್ರದ ಔಷಧಿ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರು. ನನ್ನ ಪುಸ್ತಕಕ್ಕೆ ಇಣುಕುತ್ತಿದ್ದವರು ಒಂದು ದಿನ ತಡೆಯಲಾರದೆ, "ಸಾರ್, ಆ ಪೇಜ್ ತಿರುಗಿಸ್ಬೇಡಿ. ನಂಗೂ ಇದೇ ಇರೋದು" ಎಂದರು. ನಾವಿಬ್ಬರೂ ಸ್ಟೇಷನ್ ಬರುವವರೆಗೆ ನಮ್ಮ ನಮ್ಮ ನಾಡಿ ಹಿಡಿದುಕೊಂಡು ಕೂತೆವು. ಮಾರನೆಯ ದಿನ ಅವರು ನಗುತ್ತ ಬಂದರು. "ನೆನ್ನೆ ಪೇಜಿಂದು ವಾಸಿಯಾಯ್ತು ಸಾರ್. ಇವತ್ತಿಂದು ತೋರ್ಸಿ."

ಮನೆಯಲ್ಲಿ ಮಾತ್ರ ಇದು ನಡೆಯಲಿಲ್ಲ. ಸುಸ್ತು, ಜಡ, ಯಾವ ಕೆಲಸಕ್ಕೂ ಮನಸ್ಸಿಲ್ಲ, ಹೀಗಾಗಿ ನನಗೆ ಥೈರಾಯ್ಡ್ ಇರಬೇಕು ಎಂದು ಹೆಂಡತಿಯ ಮುಂದೆ ಪುಸ್ತಕ ತೆರೆದಿಟ್ಟೆ. ಅವಳು ಪೂರ್ತಿ ಓದಿ, ಪುಸ್ತಕ ಮುಚ್ಚಿ ಹೇಳಿದಳು:

"ಪಾತ್ರೆ ತೊಳೆಯೋ ಹೊತ್ತಿಗೆ ಮಾತ್ರ ಬರೋ ಥೈರಾಯ್ಡು ಇದ್ರಲ್ಲಿ ಇಲ್ವಲ್ಲ?"

ಸಿಸ್ಟ್ರಣ್ಣ

ಹೆಣ್ಣುಮಕ್ಕಳ ವಾರ್ಡಿಗೆ ಹಾಕಿದಾಗ ನನಗೆ ಸಂಕೋಚವೋ ಸಂಕೋಚ. ಅಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಒಬ್ಬ ಅಜ್ಜಿ ಇದ್ದರು. ಹತ್ತಿರದ ಹಳ್ಳಿಯವರು. ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಬಾಡಿಗೆ ಮನೆಗಳಿದ್ದವು. ನನ್ನನ್ನು ನೋಡಿದ ಕೂಡಲೇ, "ಏ ಸಿಸ್ಟ್ರಣ್ಣಾ, ಇಂಗ್ ಬಾ" ಎಂದು ಕೂಗಿದರು. ವಾರ್ಡಿಗೆ ವಾರ್ಡೇ ನಕ್ಕಿತು.

ಹತ್ತಿರ ಹೋಗಿ, "ಅಜ್ಜಿ, ಗಂಡಸರಿಗೆ ಬ್ರದರ್ ಅಂತ ಕರೀಬೇಕು" ಎಂದು ಮೆಲ್ಲಗೆ ತಿಳಿಹೇಳಿದೆ. "ಆಗ್ಲಪ್ಪ" ಎಂದರು. ಐದು ನಿಮಿಷ ಕಳೆದಿರಲಿಲ್ಲ, ಮತ್ತೆ "ಸಿಸ್ಟರ್!" ಎಂದು ಗಂಟಲು ಹರಿಯುವಂತೆ ಕೂಗಿದರು. ಏನಾಯಿತೋ ಎಂದು ನಾನೂ ಓಡಿದೆ, ನಮ್ಮ ಕ್ಲಾಸಿನ ನಾಲ್ಕು ಜನ ಹುಡುಗಿಯರೂ ಓಡಿ ಬಂದರು. ಅಜ್ಜಿಗೆ ಮಗ್ಗುಲು ಬದಲಾಯಿಸಬೇಕಿತ್ತು. ಎಲ್ಲರೂ ಸೇರಿ ಹೂವಿನ ಹಾಗೆ ಹೊರಳಿಸಿದೆವು. ಹುಡುಗಿಯರು ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಪಿಸುಗುಟ್ಟಿದರು:

"ಬ್ರದರ್ ಅಂತ ಕೂಗಿದ್ರೆ ನೀನೊಬ್ನೇ ಬತ್ತೀಯ. ಸಿಸ್ಟರ್ ಅಂದ್ರೆ ಐದು ಜನ ಬತ್ತಾರೆ. ನಿನ್ನೊಬ್ನ್ ಕೈಗೇ ಸಿಕ್ಕಾಕೊಂಡ್ರೆ ನನ್ ಇನ್ನೊಂದು ಸೊಂಟಾನೂ ಓಯ್ತದೆ ಕಣಪ್ಪ."

ಆ ವಾರ್ಡು ಬಿಡುವ ದಿನ ನನಗೆ ಆ ಅಜ್ಜಿಯನ್ನು ಬಿಟ್ಟು ಹೋಗಲು ನಿಜವಾಗಿಯೂ ಬೇಜಾರಾಯಿತು. ಹೆಸರು ಮಾತ್ರ ಬೇಜಾರಿಲ್ಲದೆ ಹಿಂದೆಯೇ ಬಂತು. ಮೇಡಂ ಕೂಡ ಹಾಜರಿ ಕರೆಯುವಾಗ "ಸಿಸ್ಟ್ರಣ್ಣ" ಎನ್ನತೊಡಗಿದರು.

ಕೈ ತೊಳೆಯುವ ಪಾಠ

ಆಮೇಲೆ ಮನೆಮನೆಗೆ ಹೋಗಿ ಆರೋಗ್ಯ ವಿಚಾರಿಸುವ, ಒಂದಿಷ್ಟು ತಿಳಿವಳಿಕೆ ಹೇಳುವ ಪಾಠ ಬಂತು. ಸಮಸ್ಯೆ ಏನೆಂದರೆ ಆ ಕಡೆ ನರ್ಸಿಂಗ್ ಕಾಲೇಜುಗಳು ಟೀ ಅಂಗಡಿಯಷ್ಟಿವೆ, ಎಲ್ಲ ಕಾಲೇಜಿಗೂ ಇರುವುದು ಅದೇ ಹಳ್ಳಿ.

ನಾನು ಬಾಗಿಲು ತಟ್ಟಿದ ಮನೆಯ ಯಜಮಾನರು ಪಂಚೆ ಸರಿಮಾಡಿಕೊಳ್ಳುತ್ತ ಬಂದು, ನನ್ನ ಯೂನಿಫಾರ್ಮ್ ನೋಡಿ, "ಓ, ನೀಲಿ ಬಟ್ಟೆ ಕಾಲೇಜಾ? ನಿಮ್ ಫಾರಮ್ಮಲ್ಲಿ ಕಕ್ಕಸಿನ ಪ್ರಶ್ನೆ ಕೊನೇಗ್ ಬರ್ತದೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಮನೇಲಿ ಐದು ಜನ, ಇಬ್ರಿಗೆ ಸಕ್ಕರೆ, ಕಿಟಕಿ ಇದೆ, ಗಾಳಿ ಬರ್ತದೆ, ಸೊಳ್ಳೆನೂ ಬರ್ತದೆ, ಬರ್ಕೊಳ್ಳಿ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಕೈ ತೊಳೆಯುವ ಸರಿಯಾದ ವಿಧಾನವನ್ನು ತೋರಿಸಬೇಕಿತ್ತು. ಬೆರಳ ಸಂದಿ, ಉಗುರು, ಹೆಬ್ಬೆರಳು ಎಂದು ಗಾಳಿಯಲ್ಲೇ ಉಜ್ಜಿ ತೋರಿಸಿದೆ. ಅವರು ತಲೆದೂಗಲಿಲ್ಲ. "ಹೋದ್ ವಾರ ಬಂದ ಹುಡುಗೀರು ಹಾಡು ಹೇಳ್ಕೊಂಡು ತೋರ್ಸಿದ್ರು. ನೀವು ಹಾಡಲ್ವಾ?" ಎಂದರು. ಕಲಿಯುವ ಹಟ ನನ್ನದು, ಹಾಡಿದೆ. ಬೀದಿನಾಯಿಯೊಂದು ದನಿಗೂಡಿಸಿತು. ಅಷ್ಟಾದ ಮೇಲೆ, "ಈಗ ನೀವು ತೊಳೆದು ತೋರ್ಸಿ ಸಾರ್" ಎಂದು ನಲ್ಲಿ ತಿರುಗಿಸಿದೆ. ನಲ್ಲಿ ಬುಸ್ ಎಂದಿತು, ಅಷ್ಟೇ. ಯಜಮಾನರು ಒಣ ಕೈಯನ್ನು ಮುಂದೆ ಚಾಚಿ ನಿಂತರು.

"ಇಷ್ಟ್ ವರ್ಷದಿಂದ ಇಷ್ಟೊಂದ್ ಜನ ಬಂದು ಕೈ ತೊಳೆಯೋದು ಕಲಿಸ್ತಿದೀರ. ಒಬ್ರಾದ್ರೂ ಒಂದ್ ಬಿಂದಿಗೆ ನೀರು ತಂದ್ರೇನ್ರೀ?"

ಮೂಸಂಬಿ

ಎಲ್ಲದಕ್ಕಿಂತ ನನಗೆ ಕಂಟಕವಾಗಿದ್ದು ಇಂಜೆಕ್ಷನ್. ವಾರ್ಡಿನಲ್ಲಿ ಒಬ್ಬನೇ ಇದ್ದರೆ ಸಲೀಸಾಗಿ ಕೊಡುತ್ತಿದ್ದೆ. ಮೇಡಂ ನೋಡುತ್ತ ನಿಂತರೆ ಸಾಕು, ಕೈ ಹೊಲಿಗೆ ಯಂತ್ರದಂತೆ ನಡುಗುತ್ತಿತ್ತು. ಕೊನೆಯ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದಲ್ಲೇ ನಿಂತು ನೋಡುತ್ತಾರೆ. ಅಲ್ಲಿ ಕೈ ನಡುಗಿದರೆ ಪೀಣ್ಯದ ಕುರ್ಚಿ ಕಾದಿದೆ.

ಅದಕ್ಕೆ ಮನೆಯಲ್ಲಿ ಮೂಸಂಬಿ ಹಣ್ಣಿಗೆ ಕುದಿಸಿ ಆರಿಸಿದ ನೀರು ಚುಚ್ಚಿ ಅಭ್ಯಾಸ ಮಾಡಿದೆ. ಹೆಂಡತಿಯನ್ನು ಪರೀಕ್ಷಕಿಯ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಲ್ಲಲು ಹೇಳಿದೆ. ಅದಕ್ಕೆ ಅವಳಿಗೆ ಅಭ್ಯಾಸ ಬೇಕಿರಲಿಲ್ಲ. ಚುಚ್ಚಿದ ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು ಮರೆತೆ. ಭಾನುವಾರ ಅತ್ತೆ ಬಂದರು. ಒಂದು ಹಣ್ಣು ಸುಲಿದರು, ಸೀರೆಯ ಮೇಲೆಲ್ಲ ಚಿಮ್ಮಿತು. ಬೈಗುಳ ಬಂತು ಎಂದುಕೊಂಡೆ. ಅತ್ತೆ ಕಣ್ಣರಳಿಸಿ, "ಅಬ್ಬಾ, ಏನ್ ರಸ! ಎಷ್ಟ್ ತಣ್ಣಗಿದೆ! ನಮ್ ಕಡೆ ಮೂಸಂಬಿ ಬರೀ ನಾರು ಕಣ್ರೀ" ಎಂದರು. ನನ್ನ ಹೆಂಡತಿ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದಳು.

ಅಲ್ಲಿಂದ ಕೋರ್ಸು ಮುಗಿಯುವವರೆಗೂ ಪ್ರತಿ ಭಾನುವಾರ ನಾನು ಅತ್ತೆಗೆ ಒಂದು ಬುಟ್ಟಿ ಮೂಸಂಬಿ ಇಂಜೆಕ್ಷನ್ ಮಾಡಿ ಕಳಿಸಬೇಕಾಯಿತು.

ಕಿಟಕಿ ಪಕ್ಕದ ಹಾಸಿಗೆ

ಪರೀಕ್ಷೆಯ ದಿನ ಬಂತು. ಪರೀಕ್ಷಕಿ ನಗುವ ಪೈಕಿಯಲ್ಲ. ನಮ್ಮ ಮೇಡಂ ನನಗೆ ಗಂಡಸರ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆ ತೋರಿಸಿ, "ಕಾಲು ಮುರಿದಿದೆ. ನೋವಿನ ಇಂಜೆಕ್ಷನ್ ಕೊಡಬೇಕು" ಎಂದರು. ಹಾಸಿಗೆಯ ಹತ್ತಿರ ಹೋದೆ. ಹೊದಿಕೆ ಸರಿಸಿ ರೋಗಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಪೀಣ್ಯದ ನಮ್ಮ ಸೂಪರ್‌ವೈಸರ್! ಹತ್ತಿರದಲ್ಲೇ ಇರುವ ಮಗಳ ಮನೆಗೆ ಬಂದವರು ಮೆಟ್ಟಿಲ ಮೇಲೆ ಜಾರಿದ್ದರಂತೆ.

"ಅಯ್ಯೋ ಗುರು, ನೀನಾ?" ಎಂದರು. ಅವರ ಮುಖದಲ್ಲಿ ಹನ್ನೆರಡು ವರ್ಷದ ಕೆಂಪು ಚೀಟಿಗಳೆಲ್ಲ ಒಂದೊಂದಾಗಿ ಹಾದುಹೋದದ್ದು ನನಗೆ ಕಾಣಿಸಿತು. "ಬೇರೆ ಯಾರೂ ಇಲ್ವಾ?"

"ಸಾರ್, ಇವತ್ತು ನನ್ನ ಪರೀಕ್ಷೆ. ಇದು ಹೋದ್ರೆ ಎಲ್ಲಾ ಹೋಯ್ತು" ಎಂದು ಪಿಸುಗುಟ್ಟಿದೆ. ಅಷ್ಟರಲ್ಲಿ ಪರೀಕ್ಷಕಿ ಬಂದು ಪಕ್ಕದಲ್ಲಿ ನಿಂತರು. ನನ್ನ ಕೈ ಶುರುವಾಯಿತು.

ಪುಸ್ತಕದಲ್ಲಿರುವ ಹಾಗೆ ಎಲ್ಲ ಮಾಡಿದೆ. ಹೆಸರು ಕೇಳಿದೆ, ಔಷಧಿ ನೋಡಿದೆ, ಕೈ ತೊಳೆದೆ, ಹಾಡಲಿಲ್ಲ ಅಷ್ಟೇ. ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿಗುಳ್ಳೆ ಇದೆಯೇ ಎಂದು ನೋಡಿದೆ. ಹಳೆಯ ಚಾಳಿ ಬಿಡಬೇಕಲ್ಲ, ತಿರುಗಿಸಿ ಮತ್ತೆ ನೋಡಿದೆ. ಮಗ್ಗುಲಾಗಿ ಮಲಗಿದ್ದ ಸೂಪರ್‌ವೈಸರ್ ಗೋಡೆಯ ಕಡೆ ತಿರುಗಿಯೇ ನರಳಿದರು.

"ಅದನ್ನೂ ರಿಜೆಕ್ಟ್ ಮಾಡ್ಬೇಡ ಗುರು. ನೋವು ತಡೆಯೋಕಾಗ್ತಿಲ್ಲ."

ಪರೀಕ್ಷಕಿ ಹುಬ್ಬೇರಿಸಿದರು. ಇನ್ನು ತಡಮಾಡುವಂತಿರಲಿಲ್ಲ. ಹತ್ತಿಯಿಂದ ಒರೆಸಿ, ಸೂಜಿ ಹಿಡಿದು, ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿಕೊಂಡೆ. ಭಯಕ್ಕೆ ಅರಿವಿಲ್ಲದೆ ಕಣ್ಣು ಅರ್ಧ ಮುಚ್ಚಿಕೊಂಡಿತು. ಅವರು ಕುತ್ತಿಗೆ ತಿರುಗಿಸಿ ಅದನ್ನು ನೋಡಿಬಿಟ್ಟರು. ಹನ್ನೆರಡು ವರ್ಷ ನನಗೆ ಕಣ್ಣು ಮುಚ್ಚು ಎಂದು ಅಂಗಲಾಚಿದ ಮನುಷ್ಯ ಚೀರಿಕೊಂಡರು.

"ಗುರು, ಕಣ್ಣು ಬಿಟ್ಕೊಂಡ್ ಹಾಕೋ!"

ಕಣ್ಣು ಬಿಟ್ಟೆ, ಹಾಕಿದೆ. ಜಾಗ ಸರಿಯಾಗಿಯೇ ಇತ್ತು, ಔಷಧಿಯೂ ಸರಿಯಾಗಿ ಹೋಯಿತು, ಕೈ ಮಾತ್ರ ಕೊನೆಯವರೆಗೂ ನಡುಗುತ್ತಲೇ ಇತ್ತು. ಅವರು ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಗಟ್ಟಿಯಿದ್ದ ಕಾಲಿನ ಬೆರಳೆಲ್ಲ ಬೀಸಣಿಗೆಯಂತೆ ಬಿಚ್ಚಿಕೊಂಡವು.

ಪರೀಕ್ಷಕಿ ಮುಂದೆ ಬಾಗಿ ಕೇಳಿದರು: "ನೋವಾಯ್ತಾ?"

ನನ್ನ ಕೋರ್ಸು, ಹೆಂಡತಿಯ ಷರತ್ತು, ಅಮ್ಮನ ಜಡೆ, ಎಲ್ಲವೂ ಆ ಮನುಷ್ಯನ ಬಾಯಲ್ಲಿತ್ತು. ಅವರು ಮಾಡಿಸಿದ್ದ ಅಷ್ಟೂ ಮಾಲನ್ನು ನಾನು ವಾಪಸ್ ಕಳಿಸಿದವನು. ಸೇಡು ತೀರಿಸಿಕೊಳ್ಳಲು ಒಂದು "ಹ್ಞೂಂ" ಸಾಕಿತ್ತು.

"ಇಲ್ಲ ಮೇಡಂ" ಎಂದರು. "ಹಾಕಿದ್ದೇ ಗೊತ್ತಾಗ್ಲಿಲ್ಲ."

"ಮತ್ತೆ ಕಣ್ಣಲ್ಲಿ ನೀರು?"

"ಅದು ಕಾಲಿನ್ ನೋವು ಮೇಡಂ. ಅದು ಬೇರೆ ಡಿಪಾರ್ಟ್‌ಮೆಂಟು."

ಪರೀಕ್ಷಕಿ ಮೊದಲ ಬಾರಿಗೆ ನಕ್ಕರು. ಅಂಕ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು. ಸಂಜೆ ಹೊತ್ತಿಗೆ, ನನ್ನದು ಪಾಸು ಎಂದು ಮೇಡಂ ಮೆಲ್ಲಗೆ ತಿಳಿಸಿದರು. ಹೆಂಡತಿಗೆ ಫೋನ್ ಮಾಡುವ ಮೊದಲೇ ನಾನು ಕಿಟಕಿ ಪಕ್ಕದ ಹಾಸಿಗೆಗೆ ಓಡಿದೆ. ಅವರ ಕೈ ಹಿಡಿದುಕೊಂಡೆ, ಕಣ್ಣು ತುಂಬಿತ್ತು.

"ನಿಜ ಹೇಳಿ ಸಾರ್, ನೋವಾಗ್ಲಿಲ್ವಾ?" ಎಂದೆ.

"ಪ್ರಾಣ ಹೋಯ್ತು ಕಣೋ!" ಎಂದು ಅವರು ಸೊಂಟ ಸವರಿಕೊಂಡರು. ಆಮೇಲೆ ಮುಖ ಅರಳಿಸಿ, ಪಕ್ಕದ ಹಾಸಿಗೆಯವರಿಗೂ ಕೇಳುವಂತೆ ಹೇಳಿದರು:

"ಹನ್ನೆರಡು ವರ್ಷ 'ಮಾಲು ಓಕೆ, ಮಾಲು ಓಕೆ' ಅಂತ ನಿನ್ ಮುಂದೆ ಸುಳ್ಳು ಹೇಳ್ದೆ. ಒಂದಿನಾನೂ ನಂಬ್ಲಿಲ್ಲ ನೀನು. ಇವತ್ತು ನಿನ್ನನ್ನೇ ಓಕೆ ಅಂದೆ, ಆ ಮೇಡಂ ನಂಬಿದ್ರು ನೋಡು, ನನ್ ಮಾಲು ಮೊದಲ್ನೇ ಸಲ ಇನ್‌ಸ್ಪೆಕ್ಷನ್ ಪಾಸಾಯ್ತು!"